ಇಪ್ಪತ್ತೊಂದು ಗುಲಗಂಜಿ

ಗುಲಗಂಜಿಗೆ ತೂತು ಹಾಕುವುದು ಅಂದುಕೊಂಡಷ್ಟು ಸುಲಭವಲ್ಲ. ಒಂದು ದಿನ ಬಿಸಿನೀರಿನಲ್ಲಿ ನೆನೆಹಾಕಬೇಕು, ಸೂಜಿ ಕಾಯಿಸಬೇಕು, ಉಸಿರು ಬಿಗಿಹಿಡಿದು ಚುಚ್ಚಬೇಕು. ಸುಕನ್ಯಾ ಹಾಗೆ ಉಸಿರು ಬಿಗಿಹಿಡಿದಿದ್ದಾಗಲೇ ಅವಳ ಮುಂದೆ ಎರಡು ಕೆಸರು ಬೂಟುಗಳು ಬಂದು ನಿಂತವು.

"ಎಂತ ಮಾಡ್ತಿದ್ದೀಯ?"

ಕೈಯಲ್ಲಿದ್ದ ಕೆಂಪು ಕಾಳು ಹಾರಿ ಅದೇ ಬೂಟಿನ ಹತ್ತಿರ ಬಿತ್ತು. ಅವಳು ತಲೆ ಎತ್ತಿದಳು. ಹೊಸ ರೈಟರ್ ದಯಾನಂದ!

ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಅಂದರೆ ಲೈನ್‌ಮನೆಗಳ ಕೂಲಿಯವರಿಗೆಲ್ಲ ಹೆದರಿಕೆ. ಸುಕನ್ಯಾಗಂತೂ ಜಿರಲೆ ಕಂಡರೂ ಹೆದರಿಕೆ.

"ತೋಟದ ಬೇಲಿ ಬಳ್ಳೀದು, ರೈಟ್ರೇ... ಕೇಳದೇ ಕಿತ್ಕೊಂಡೆ. ತಪ್ಪಾಯ್ತು."

"ತಪ್ಪೆಂತದು? ದನಾನೂ ಮುಟ್ಟಲ್ಲ ಅದನ್ನ. ನೀನಾದ್ರೂ ತಗೊಂಡ್ಯಲ್ಲ." ಅವನು ಕಾಳನ್ನು ಹೆಕ್ಕಿ ಅವಳ ಅಂಗೈಗೆ ಹಾಕಿದ. ಪಕ್ಕದ ಮೊರದಲ್ಲಿ ಆಗಷ್ಟೇ ಪೂರ್ತಿಯಾದ ಪುಟ್ಟ ಮಣಿಬಳೆ ಇತ್ತು. "ಇದು ಚಂದ ಇದೆ. ಬಣಕಲ್‌ನಲ್ಲಿ ನಮ್ಮಕ್ಕಂಗೆ ಎರಡು ವರ್ಷದ ಮಗಳಿದ್ದಾಳೆ. ಅವಳಿಗೆ ಕೊಡ್ತೀಯಾ?"

ಇಪ್ಪತ್ತೊಂದು ಗುಲಗಂಜಿಯ ಬಳೆ, ಅವಳ ಕೈಯಿಂದ ಹೊರಗೆ ಹೋದ ಮೊದಲ ಒಡವೆ.

ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದವಳು ಮೂಡಿಗೆರೆಯ ಮಹಿಳಾ ಸಂಘದಲ್ಲಿ ಮೂರು ದಿನ ಮಣಿ ಪೋಣಿಸುವುದನ್ನು ಕಲಿತಿದ್ದಳು. ಅಲ್ಲಿ ಕೊಟ್ಟಿದ್ದು ಪ್ಲಾಸ್ಟಿಕ್ ಮಣಿ. ಗುಲಗಂಜಿ ಅವಳದೇ ಯೋಚನೆ. ಅಮ್ಮನ ಸೂಜಿ, ಮೀನಿನ ಗಾಳದ ದಾರ, ಒಂದು ಮೊರ, ಇಷ್ಟೇ ಅವಳ ಅಂಗಡಿ. "ಯಾರು ಹಾಕ್ಕೊಳ್ತಾರೆ ಮಾರಾಯ್ತಿ ಇದನ್ನ?" ಎಂದು ಅಮ್ಮ ಯಲ್ಲಮ್ಮ ನಕ್ಕಿದ್ದಳು. ಈಗ ರೈಟರ್ ಒಯ್ದದ್ದು ನೋಡಿ ಅವಳೇ ಊರೆಲ್ಲ ಹೇಳಿಕೊಂಡು ಬಂದಳು.

ಆ ವಾರದ ಸಂತೆ ಮುಗಿಸಿ ಬಂದ ದಯಾನಂದ ಮೊರದ ಪಕ್ಕ ಒಂದು ಸಣ್ಣ ಕತ್ತರಿ ಇಟ್ಟ.

"ದಾರಾನ ಹಲ್ಲಲ್ಲಿ ಕಚ್ಬೇಡ. ಹಲ್ಲು ಹೋದ್ರೆ ಮದುವೆ ಕಷ್ಟ."

'ಕಷ್ಟ ಆದ್ರೆ ನಿಮಗೇನು?' ಎಂದು ಕೇಳಬೇಕೆನಿಸಿತು. ಆ ಕತ್ತರಿಯನ್ನು ಮಾತ್ರ ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಪ್ರೀತಿ ಅಂತ ಅದಕ್ಕೆ ಹೆಸರಿಡುವಷ್ಟು ಧೈರ್ಯ ನಮ್ಮ ಹುಡುಗಿಗೆ ಎಲ್ಲಿಂದ ಬರಬೇಕು?

ಎಂಟು ದಿನ ಕಳೆಯಿತು. ಪಕ್ಕದ ಮನೆಯ ಮುದುಕಿ ಜವರಮ್ಮ ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಾಳು ಎತ್ತಿ ಬೆಳಕಿಗೆ ಹಿಡಿದಳು.

"ತೂತು ಹಾಕಿದ್ಯಾ ಇದಕ್ಕೆ?"

"ಹೂಂ. ಯಾಕಜ್ಜಿ?"

"ಇಡೀ ಕಾಳು ನುಂಗಿದ್ರೆ ಹಂಗೇ ಹೊರಗೆ ಹೋಗ್ತದೆ ಅಂತಾರೆ. ತೂತಾದ್ರೆ ಒಳಗಿನ ವಿಷ ಬಿಡ್ತದೆ. ಹಿಂದೆ ದನ ಕೊಲ್ಲೋರು ಇದನ್ನೇ ಅರೆದು ಹಾಕ್ತಿದ್ರು, ಮಗಾ."

ಸುಕನ್ಯಾ ಅವಳ ಕೈಯಿಂದ ಕಾಳನ್ನು ಕಿತ್ತುಕೊಂಡಳು.

ಎರಡು ವರ್ಷದ ಮಗು... ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು!

ಉಳಿದ ಕಾಳುಗಳನ್ನೆಲ್ಲ ಮೊಣಕೈ ಆಳಕ್ಕೆ ಹೂತು, ಕೈಯನ್ನು ಮೂರು ಸಲ ತೊಳೆದು ಅವಳು ಕಾಫಿ ಕಣಕ್ಕೆ ಓಡಿದಳು. ದಯಾನಂದ ಕಾಫಿ ಹರವಿಸುತ್ತಿದ್ದ.

"ರೈಟ್ರೇ, ಆ ಬಳೆ ವಾಪಸ್ ಬೇಕು."

ಅವನ ನಗು ಅರ್ಧಕ್ಕೇ ನಿಂತಿತು. "ಯಾಕೆ?"

ಹೇಳಿಬಿಡು ಎಂದಿತು ಮನಸ್ಸು. 'ನಿಮ್ಮ ಮನೆ ಮಗುವಿಗೆ ನಾನು ವಿಷ ಕೊಟ್ಟಿದ್ದೀನಿ' ಅಂತ ಹೇಗೆ ಹೇಳುವುದು?

"ಸುಮ್ನೆ... ಬೇಕು."

"ಯಾರಾದ್ರೂ ಏನಾದ್ರೂ ಅಂದ್ರಾ? ನಾನು ತಗೊಂಡಿದ್ದು ನಿಂಗೆ ಇಷ್ಟ ಇಲ್ವಾ?"

ಅವಳು ತಲೆ ತಗ್ಗಿಸಿದಳು. ಅದನ್ನು ಅವನು ಹೌದೆಂದೇ ತಿಳಿದುಕೊಂಡ.

"ಬಣಕಲ್‌ನಲ್ಲಿದೆ. ಭಾನುವಾರ ತಂದು ಕೊಡ್ತೀನಿ. ಹೋಗು." ಅವನ ದನಿ ಒಣಗಿತ್ತು.

ಅದು ಗುರುವಾರ. ಶನಿವಾರ ಬೆಳಿಗ್ಗೆ ಹಾಜರಿ ಬರೆಯಲು ಮೇಸ್ತ್ರಿ ದೇವರಾಜ ಬಂದ.

"ರೈಟ್ರು ಇವತ್ತಿಲ್ಲ. ಅವ್ರ ಅಕ್ಕನ ಮಗು ಒಂದೇ ಸಮ ವಾಂತಿ ಮಾಡ್ಕೊಂತಿದೆಯಂತೆ. ಮೂಡಿಗೆರೆ ಆಸ್ಪತ್ರೆಗೆ ಹಾಕಿದಾರೆ."

ಸುಕನ್ಯಾ ದಿನ ಎಣಿಸಿದಳು. ಎರಡು ದಿನ! ಗುರುವಾರವೇ ಬಾಯಿಬಿಟ್ಟಿದ್ದರೆ...

ಅಮ್ಮನಿಗೆ ಎಲ್ಲ ಹೇಳಿ ಅವಳು ಹೊರಟಾಗ ಯಲ್ಲಮ್ಮ ಕೈ ಹಿಡಿದುಕೊಂಡಳು.

"ಹೋಗ್ಬೇಡ. ಪೊಲೀಸು ಗಿಲೀಸು ಅಂತಾದ್ರೆ ನಾವೆಲ್ಲಿಗೆ ಹೋಗೋದು?"

"ವಿಷ ಯಾವುದು ಅಂತ ಗೊತ್ತಿಲ್ದೆ ಡಾಕ್ಟ್ರು ಏನು ಮಾಡ್ತಾರಮ್ಮ? ಗೊತ್ತಿರೋದು ನನಗೊಬ್ಬಳಿಗೇ."

ಮೂಡಿಗೆರೆಗೆ ಹೋಗುವ ಬಾಡಿಗೆ ಜೀಪಿನಲ್ಲಿ ದಾರಿಯುದ್ದಕ್ಕೂ ಅವಳು ಕಣ್ಣು ಮುಚ್ಚಿಕೊಂಡೇ ಕೂತಿದ್ದಳು. 'ದೇವ್ರೇ, ನನ್ನನ್ನ ಏನು ಬೇಕಾದ್ರೂ ಮಾಡು. ಆ ಮಗು ಬದುಕ್ಲಿ.'

ವಾರ್ಡಿನಲ್ಲಿ ಮಗುವಿನ ಕೈಗೆ ಡ್ರಿಪ್ ಹಾಕಿದ್ದರು. ಕಣ್ಣು ಮುಚ್ಚಿತ್ತು. ಪಕ್ಕದಲ್ಲಿ ದಯಾನಂದನ ಅಕ್ಕ ಸರೋಜ, ಎದುರಿಗೆ ಡಾಕ್ಟರು. ಈಗ ಹೇಳದಿದ್ದರೆ ಮತ್ತೆಂದೂ ಹೇಳಲಾರೆ ಎಂದು ಸುಕನ್ಯಾಗೆ ಗೊತ್ತಿತ್ತು.

"ಡಾಕ್ಟ್ರೇ, ಮಗು ಗುಲಗಂಜಿ ಕಚ್ಚಿರಬೌದು. ತೂತು ಹಾಕಿದ್ದು. ಅದರ ಬಳೆ ಮಾಡಿದ್ದು ನಾನೇ... ವಿಷ ಅಂತ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೂ ಹೆದ್ರಿ ಸುಮ್ನಿದ್ದೆ. ಮೊದ್ಲು ಮಗೂನ ಉಳ್ಸಿ."

ಡಾಕ್ಟರು ತಟ್ಟನೆ ತಿರುಗಿದರು. "ಯಾವಾಗ? ಎಷ್ಟು ಕಾಳು?"

"ಯಾವ ಬಳೆ?" ಸರೋಜ ಎದ್ದು ನಿಂತಳು. "ನಮ್ಮನೆಗೆ ಯಾವ ಬಳೇನೂ ಬಂದಿಲ್ವಲ್ಲ!"

ಬಾಗಿಲಲ್ಲಿ ಎಳನೀರು ಹಿಡಿದು ದಯಾನಂದ ನಿಂತಿದ್ದ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಎಳನೀರು ಕೆಳಗಿಟ್ಟು, ಅಂಗಿ ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಬಿಚ್ಚಿದ. ಒಳಗೆ ಮಣಿಬಳೆ.

"ಮಗೂಗೆ ಕೊಟ್ಟೇ ಇಲ್ಲ ಡಾಕ್ಟ್ರೇ. ಅವತ್ತಿಂದ ನನ್ ಹತ್ರಾನೇ ಇದೆ."

"ಎಣಿಸಮ್ಮ," ಎಂದರು ಡಾಕ್ಟರು.

ಸುಕನ್ಯಾ ಎಣಿಸಿದಳು. ಹದಿನೆಂಟು, ಹತ್ತೊಂಬತ್ತು... ಕಣ್ಣೀರಿನಲ್ಲಿ ಕಾಳು ಕಾಣಲಿಲ್ಲ. ಬೆರಳಲ್ಲಿ ಮುಟ್ಟಿ ಮುಟ್ಟಿ ಮತ್ತೆ ಮೊದಲಿನಿಂದ ಎಣಿಸಿದಳು.

"ಇಪ್ಪತ್ತೊಂದು. ಎಲ್ಲ ಇದೆ."

"ಹಾಗಾದ್ರೆ ಇದು ನೀರಿಂದ ಬಂದ ವಾಂತಿಭೇದಿನೇ. ಬಣಕಲ್ ಕಡೆಯ ಮೂರು ಮಕ್ಕಳಿಗೆ ಹೀಗೇ ಆಗಿದೆ. ಸಂಜೆಗೆ ಸುಧಾರಿಸ್ತಾಳೆ." ಡಾಕ್ಟರು ಅವಳ ಮುಖ ನೋಡಿದರು. "ಆದ್ರೆ ನೀನು ಬಂದು ಹೇಳಿದ್ದು ಒಳ್ಳೇದಾಯ್ತು."

ಅಲ್ಲಿಯವರೆಗೆ ತಡೆದುಕೊಂಡಿದ್ದ ಹುಡುಗಿ ಹೊರಗೆ ಹಲಸಿನ ಮರದ ಕೆಳಗೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಸ್ವಲ್ಪ ದೂರದಲ್ಲಿ ದಯಾನಂದ ಬಂದು ಕೂತ.

"ಬಣಕಲ್‌ನಲ್ಲಿದೆ ಅಂದ್ರಲ್ಲ. ಎರಡು ದಿನ ನಾನು ಸತ್ತು ಹುಟ್ಟಿದೀನಿ."

"ಜೇಬಲ್ಲಿಟ್ಕೊಂಡು ಓಡಾಡ್ತೀನಿ ಅಂತ ಹೇಳೋಕೆ ನಾಚಿಕೆ ಆಯ್ತು. ವಾಪಸ್ ಕೊಡೋಕೂ ಮನಸ್ಸು ಬರ್ಲಿಲ್ಲ." ಅವನು ನೆಲ ನೋಡುತ್ತ ಹೇಳಿದ. "ಅವತ್ತೇ ನಂಗೆ ಬೇಕು ಅಂದಿದ್ರೆ ಕೊಡ್ತಿದ್ಯಾ?"

"ಇಲ್ಲ."

"ಅದಕ್ಕೇ ಮಗು ಹೆಸರು ಹೇಳಿದ್ದು. ತಪ್ಪಾಯ್ತು. ಈಗ ಕೇಳ್ತಿದೀನಿ, ನಂಗೆ ಕೊಡು."

"ಇದನ್ನ ಕೊಡಲ್ಲ. ಇದು ಮಣ್ಣಿಗೇ." ಅವನ ಮುಖ ಬಾಡಿದ್ದು ಕಂಡು ಅವಳು ಮೆಲ್ಲಗೆ ಸೇರಿಸಿದಳು, "ಬೇರೆ ಮಾಡ್ಕೊಡ್ತೀನಿ. ಕಾಫಿ ಬೀಜದ್ದು."

"ಕಚ್ಚಿದ್ರೆ?"

"ಕಹಿ ಆಗ್ತದೆ. ಅಷ್ಟೇ."

ಅವಳು ದುಪಟ್ಟಾದ ಅಂಚಿನಿಂದ ಒಂದು ಎಳೆ ಕಿತ್ತಳು. "ಕೈ ಚಾಚಿ. ಅಳತೆ ತಗೋಬೇಕು."

ಎಳೆ ಅವನ ಮಣಿಕಟ್ಟನ್ನು ಸುತ್ತಿತು. ಎರಡು ಸಲ ಅದು ಅವಳ ಬೆರಳಿಂದ ಜಾರಿತು.

"ಇನ್ನೂ ಹೆದರಿಕೆನಾ?"

"ಹೂಂ."

"ಎದ್ದು ಹೋಗ್ತೀಯಾ ಮತ್ತೆ?"

"ಇಲ್ಲ," ಎಂದಳು ಸುಕನ್ಯಾ. "ಅಳತೆ ಮುಗಿದಿಲ್ಲ. ಕೈ ಅಲ್ಲಾಡಿಸ್ಬೇಡಿ."