ಏಳನೇ ಫೋಟೋ

“ಆ ಟ್ರೋಫಿನೂ ಚೀಲಕ್ಕೆ ಹಾಕಮ್ಮ. ಅದರ ಮೇಲೆ ನಿನ್ನ ಸ್ಕೂಲ್ ಹೆಸರಿದೆ,” ಎಂದರು ಬ್ರೋಕರ್ ಆಂಟಿ.

ಬಟಾಣಿ ಟ್ರೋಫಿಯನ್ನು ಎದೆಗವಚಿಕೊಂಡಳು. ಓಟದ ಪಂದ್ಯದಲ್ಲಿ ಮೂರನೇ ಬಹುಮಾನವಾಗಿ ಬಂದದ್ದು. ಓಡಿದವರೇ ಮೂರು ಜನ ಎನ್ನುವುದು ಬೇರೆ ಮಾತು. ಮನಸ್ಸಿಲ್ಲದ ಮನಸ್ಸಿನಿಂದ ಅದನ್ನು ಚೀಲಕ್ಕೆ ಹಾಕಿದಳು.

ಮನೆ ಮಾರಾಟಕ್ಕಿತ್ತು. ನೆಟ್‌ನಲ್ಲಿ ಹಾಕಲು ಆಂಟಿ ಫೋಟೋ ತೆಗೆಯಲು ಬಂದಿದ್ದರು. ಕ್ಯಾಮೆರಾಕ್ಕಿಂತ ಮೊದಲು ಅವರು ಹೊರತೆಗೆದದ್ದು ಒಂದು ದೊಡ್ಡ ಬಟ್ಟೆ ಚೀಲವನ್ನು. ಗೋಡೆಯ ಮೇಲಿನ ಫೋಟೋ, ಬ್ಯಾಂಕಿನ ಕಾಗದ, ಡಾಕ್ಟರ್ ಚೀಟಿ, ಕೀ ಗೊಂಚಲು, ಬಟಾಣಿಯ ಐಡಿ ಕಾರ್ಡು, ಎಲ್ಲ ಅದರೊಳಗೆ ಹೋದವು.

“ಮನೆ ನೋಡೋರಿಗೆ ಮನೆ ಕಾಣ್ಬೇಕು, ಮನೆಯವರು ಕಾಣಬಾರದು. ಇಪ್ಪತ್ತು ವರ್ಷದಿಂದ ನಂದು ಇದೇ ರೂಲು,” ಎಂದರು ಆಂಟಿ. ಒಳಗಡೆ ಕೋಣೆಯಲ್ಲಿ ಹಾಸಿಗೆ ಸರಿಮಾಡುತ್ತಿದ್ದ ಅಮ್ಮ ಅಲ್ಲಿಂದಲೇ ಹೂಂಗುಟ್ಟಿದರು.

ಕೊನೆಗೆ ಉಳಿದದ್ದು ಅಡುಗೆಮನೆಯ ಕ್ಯಾಲೆಂಡರ್. ಅದು ಬಟಾಣಿಯ ಸ್ವಂತ ಆಸ್ತಿ. ಅವಳ ಅಪ್ಪ ವೆಲ್ಡರ್. ಒಂದು ಹಗಲು, ಒಂದು ರಾತ್ರಿ ರೈಲಿನಲ್ಲಿ ಹೋಗುವಷ್ಟು ದೂರದಲ್ಲಿ, ಅಗಲವಾದ ನದಿಯ ಮೇಲೆ ಸೇತುವೆ ಕಟ್ಟುತ್ತಿದ್ದರು. ನಲವತ್ತು ದಿನಕ್ಕೊಮ್ಮೆ ಬಂದು ನಾಲ್ಕು ದಿನ ಇದ್ದು ಹೋಗುತ್ತಿದ್ದರು. ಹುಟ್ಟಿದಾಗ ಅಂಗೈಯಷ್ಟೇ ಇದ್ದ ಮಗಳಿಗೆ ಬಟಾಣಿ ಎಂದು ಹೆಸರಿಟ್ಟವರೂ ಅವರೇ. ಸೇತುವೆ ಮುಗಿಯಲು ಇನ್ನೂ ನಾಲ್ಕು ವರ್ಷ ಬೇಕು. ಅದಕ್ಕೇ ಈ ಮನೆ ಮಾರಿ, ಅಪ್ಪ ಇರುವಲ್ಲಿಗೇ ಹೋಗಿಬಿಡುವುದೆಂದು ತೀರ್ಮಾನವಾಗಿತ್ತು.

ಬಟಾಣಿ ಹಸಿರು ಸ್ಕೆಚ್‌ ಪೆನ್ನಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದಳು. ಮುಂದಿನ ತಿಂಗಳ ಹದಿನಾಲ್ಕಕ್ಕೆ ‘ಅಪ್ಪ ಬರ್ತಾರೆ’ ಎಂದು ಬರೆದಿದ್ದಳು. ಹದಿನಾಲ್ಕು ಬೇಗ ಬರಲೆಂದು ಎರಡೂ ತಿಂಗಳ ಹಾಳೆಗಳನ್ನು ಅಕ್ಕಪಕ್ಕ ಅಂಟಿಸಿದ್ದಳು. ಜಾಗ ಉಳಿದಿದೆಯಲ್ಲ ಎಂದು ಪ್ರತಿ ಗುರುವಾರದ ಚೌಕದಲ್ಲಿ ‘ಅಮ್ಮ ಲೇಟು, 7.30’ ಎಂದೂ ಬರೆದಿದ್ದಳು. ಅಮ್ಮ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವರು. ಗುರುವಾರ ಅಲ್ಲಿ ಹೊಸ ಸರಕು ಇಳಿಯುತ್ತಿತ್ತು.

ಆಂಟಿ ಹೇಳಿದಂತೆ ಬಟಾಣಿ ಕ್ಯಾಲೆಂಡರ್ ತೆಗೆದಳು. ಗೋಡೆಯಲ್ಲಿ ಒಂದು ಮೊಳೆ, ಒಂದು ಬಿಳಿಚಿಕೊಂಡ ಚೌಕ ಉಳಿಯಿತು. ನೋಡುತ್ತ ನೋಡುತ್ತ ಅವಳಿಗೆ ಅಳು ಬಂದಂತಾಯಿತು. ಇಷ್ಟು ಫೋಟೋಗಳಲ್ಲಿ ಒಂದರಲ್ಲೂ ತಾವಿಲ್ಲ. ಅಪ್ಪ ಅಂತೂ ಮೊದಲೇ ಇಲ್ಲ. ಆಂಟಿ ಯಾರದೋ ಫೋನ್ ಬಂತೆಂದು ಹೊರಗೆ ಹೋದಾಗ, ಅವಳು ಕ್ಯಾಲೆಂಡರನ್ನು ಮತ್ತೆ ಮೊಳೆಗೆ ಸಿಕ್ಕಿಸಿದಳು.

ಆಂಟಿ ಮಾತಾಡುತ್ತಲೇ ಒಳಬಂದು, ಕಿವಿ ಭುಜದ ನಡುವೆ ಫೋನ್ ಹಿಡಿದುಕೊಂಡೇ ಅಡುಗೆಮನೆಯ ಫೋಟೋ ತೆಗೆದರು. ಇಪ್ಪತ್ತು ವರ್ಷದ ರೂಲು ಒಂದು ಫೋನ್ ಕರೆಗೆ ಮರೆತುಹೋಯಿತು. ಸಂಜೆ ನೆಟ್‌ನಲ್ಲಿ ಫೋಟೋ ಬಂದಾಗ ಅಮ್ಮ ನೋಡಿದ್ದು ಒಲೆ ಸ್ವಚ್ಛವಾಗಿ ಕಾಣುತ್ತಿದೆಯೇ ಎಂದು ಮಾತ್ರ.

ಅದರ ಮುಂದಿನ ವಾರ, ಗುರುವಾರ ಸಂಜೆ ಐದು ಗಂಟೆಗೆ ಬೆಲ್ ಆಯಿತು. ಬಟಾಣಿ ಸ್ಟೂಲ್ ಹತ್ತಿ ಬಾಗಿಲಿನ ಗಾಜುಗಣ್ಣಿನಲ್ಲಿ ನೋಡಿದಳು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಮನುಷ್ಯ ನಗುತ್ತ ನಿಂತಿದ್ದ. ಮನೆ ಮಾರಾಟಕ್ಕಿದೆಯಂತೆ, ನೆಟ್‌ನಲ್ಲಿ ನೋಡಿದೆ, ಎರಡೇ ನಿಮಿಷ ನೋಡಿಕೊಂಡು ಹೋಗುತ್ತೇನೆ ಎಂದ.

ಭಾನುವಾರ ಬ್ರೋಕರ್ ಆಂಟಿ ಜೊತೆ ಬನ್ನಿ ಎಂದು ಬಟಾಣಿ ಒಳಗಿಂದಲೇ ಹೇಳಿದಳು. ಇಂಥ ಹೊತ್ತಿಗೆ ಏನು ಹೇಳಬೇಕೆಂದು ಅಮ್ಮ ಕಲಿಸಿದ್ದರು. ಅದನ್ನೂ ಹೇಳಿದಳು.

“ಅಮ್ಮ ಸ್ನಾನ ಮಾಡ್ತಿದ್ದಾರೆ.”

ಆ ಮನುಷ್ಯ ಇನ್ನಷ್ಟು ನಕ್ಕ. “ಗುರುವಾರ ಅಮ್ಮ ಬರೋದು ಏಳೂವರೆಗಲ್ವಾ ಪುಟ್ಟಿ? ಅಪ್ಪ ಬರೋದಂತೂ ಹದಿನಾಲ್ಕಕ್ಕೆ. ಬಾಗಿಲು ತೆಗಿ.”

ಬಾಗಿಲಿನ ಹಿಡಿ ಒಮ್ಮೆ ಕೆಳಗೆ ಹೋಗಿ ಮೇಲೆ ಬಂತು. ಬಟಾಣಿ ಸ್ಟೂಲ್ ಮೇಲಿಂದಲೇ ಮೇಲಿನ ಚಿಲಕವನ್ನು ಒತ್ತಿ ಹಿಡಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಟೈಲರ್ ಮಾವ ಬಟ್ಟೆಯ ಚೂರುಗಳನ್ನು ಕೊಡವಲು ಹೊರಗೆ ಬಂದರು. ಯಾರು ಬೇಕಿತ್ತು ಎಂದು ಕೇಳಿದರು. ಮನೆ ನೋಡಲು ಬಂದಿದ್ದೆ, ಆಮೇಲೆ ಬರುತ್ತೇನೆ ಎಂದು ಆ ಮನುಷ್ಯ ಬೈಕ್ ಹತ್ತಿ ಹೋದ. ಮನೆ ನೋಡುವವರು ಒಬ್ಬರೇ ಇಬ್ಬರೇ ಎಂದುಕೊಂಡು ಟೈಲರ್ ಮಾವ ಒಳಗೆ ಹೋಗಿ ಮಿಷನ್ ತುಳಿಯತೊಡಗಿದರು.

ಬಟಾಣಿ ಸ್ಟೂಲಿನಿಂದ ಇಳಿದು ಹಿಂದಿನ ಬಾಗಿಲಿನ ಚಿಲಕ ನೋಡಿದಳು, ಕಿಟಕಿಗಳನ್ನು ಮುಚ್ಚಿದಳು. ಅವನಿಗೆ ಇದೆಲ್ಲ ಹೇಗೆ ಗೊತ್ತು? ಅಮ್ಮ ಮನೆಯಲ್ಲಿ ಬಿಟ್ಟಿದ್ದ ಹಳೇ ಫೋನಿನಲ್ಲಿ ಮನೆಯ ಫೋಟೋಗಳನ್ನು ಒಂದೊಂದೇ ತೆರೆದಳು. ಏಳನೆಯದು ಅಡುಗೆಮನೆ. ಎರಡು ಬೆರಳಿಟ್ಟು ದೊಡ್ಡದು ಮಾಡಿದಳು. ಅವಳದೇ ದುಂಡು ಅಕ್ಷರ, ಟೀಚರ್ ‘ವೆರಿ ಗುಡ್’ ಕೊಡುವ ಅಕ್ಷರ, ಒಂದೂ ಬಿಡದೆ ಓದಬಹುದಿತ್ತು. ಅಪ್ಪ ಇಲ್ಲ, ಅಮ್ಮ ಲೇಟು ಎಂದು ಅವಳು ಊರಿಗೆಲ್ಲ ಡಂಗುರ ಹೊಡೆಸಿದ್ದಳು.

ಅಮ್ಮ ಬಂದ ಕೂಡಲೇ ಹೇಳಿಬಿಡಬೇಕು ಎಂದುಕೊಂಡಳು. ಆದರೆ ಎಂಟು ಗಂಟೆಗೆ ಅಪ್ಪನ ವೀಡಿಯೋ ಕಾಲ್ ಬಂತು. ಅಪ್ಪನ ಹಣೆಯ ಮೇಲೆ ಹೆಲ್ಮೆಟ್ಟಿನ ಗೆರೆ ಇನ್ನೂ ಮಾಸಿರಲಿಲ್ಲ. ಹಿಂದೆ ಸೇತುವೆಯ ದೀಪಗಳು ಕಾಣುತ್ತಿದ್ದವು. ಅವತ್ತು ಅಪ್ಪ ಬಹಳ ಖುಷಿಯಾಗಿದ್ದರು. ಕಳೆದ ವಾರ ಮನೆ ನೋಡಿಹೋದ ಡ್ರೈವಿಂಗ್ ಸ್ಕೂಲಿನವರು ಭಾನುವಾರ ಇನ್ನೊಮ್ಮೆ ಬರುತ್ತಾರಂತೆ. ಒಪ್ಪಿದರೆ ಮುಂದಿನ ತಿಂಗಳೇ ಎಲ್ಲರೂ ಒಟ್ಟಿಗೆ ಇರಬಹುದಂತೆ.

“ಕಿಟಕಿ ತೆಗೆದ್ರೆ ನದಿ ಕಾಣೋ ಮನೆ ನೋಡಿಟ್ಟಿದ್ದೀನಿ ಬಟಾಣಿ. ದಿನಾ ಸಂಜೆ ನಾನೇ ಬಂದು ಬೆಲ್ ಮಾಡ್ತೀನಿ, ನೀನು ಬಾಗಿಲು ತೆಗಿಬೇಕು,” ಎಂದರು.

ಬಟಾಣಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೇಳಿದರೆ ಅಮ್ಮ ಹೆದರುತ್ತಾರೆ. ಮನೆ ತೋರಿಸುವುದನ್ನೇ ನಿಲ್ಲಿಸುತ್ತಾರೆ. ಡ್ರೈವಿಂಗ್ ಸ್ಕೂಲಿನವರು ಬೇರೆ ಮನೆ ನೋಡಿಕೊಳ್ಳುತ್ತಾರೆ. ಆಮೇಲೆ ಅಪ್ಪ ಮತ್ತೆ ನಲವತ್ತು ದಿನ, ಮತ್ತೆ ನಲವತ್ತು ದಿನ. ಭಾನುವಾರಕ್ಕೆ ಇನ್ನು ಮೂರೇ ದಿನ ಎಂದು ತನಗೆ ತಾನೇ ಹೇಳಿಕೊಂಡು ಸುಮ್ಮನಾದಳು.

ಸುಮ್ಮನಿರುವುದು ಅಷ್ಟು ಸುಲಭವಿರಲಿಲ್ಲ. ಶುಕ್ರವಾರ ಕ್ಲಾಸಿನಲ್ಲಿ ಟೀಚರ್ ಏನು ಕೇಳಿದರೂ ಬೆಬ್ಬೆಬ್ಬೆ ಎಂದಳು. ಸಂಜೆ ಅಮ್ಮ ಬರುವವರೆಗೆ ಟೈಲರ್ ಮಾವನ ಮಿಷನ್ ಪಕ್ಕದಲ್ಲೇ ಕೂತಿದ್ದಳು. ಮನೆಗೆ ಬಂದ ಅಮ್ಮ ಗಾಳಿ ಬರಲೆಂದು ಹಿಂದಿನ ಬಾಗಿಲು ತೆರೆದಿಟ್ಟು, ಬೆನ್ನು ಮಾಡಿಕೊಂಡು ಬಟ್ಟೆ ಮಡಚುತ್ತ ಕೂತರು. ಬಟಾಣಿ ಎದ್ದು ಬಾಗಿಲು ಹಾಕಿದಳು. ಸೆಕೆ ಎಂದು ಅಮ್ಮ ಮತ್ತೆ ತೆರೆದರು. ಬಟಾಣಿ ಮತ್ತೆ ಹಾಕಿದಳು.

ಮೂರನೇ ಸಲ ಅಮ್ಮ ಬಾಗಿಲು ತೆರೆದು ಹಾಡು ಗುನುಗುತ್ತ ಕೂತಾಗ ಬಟಾಣಿಗೆ ತಡೆಯಲಾಗಲಿಲ್ಲ. ಅಮ್ಮನಿಗೆ ಹೆದರಬೇಕೆಂದೇ ಗೊತ್ತಿಲ್ಲ. ಗೊತ್ತಿರುವುದು ತನಗೊಬ್ಬಳಿಗೇ.

“ಅಮ್ಮ, ನಿನ್ನೆ ಒಬ್ರು ಬಂದಿದ್ರು,” ಎಂದು ಶುರುಮಾಡಿದವಳು, ಮೊಳೆ, ಕ್ಯಾಲೆಂಡರ್, ಏಳನೇ ಫೋಟೋ, ಬಾಗಿಲಿನ ಹಿಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅಮ್ಮನ ಕೈಯಲ್ಲಿದ್ದ ಟವೆಲ್ ಅರ್ಧ ಮಡಚಿ ಹಾಗೇ ನಿಂತಿತು. ಮೊದಲು ಅವರು ಎದ್ದುಹೋಗಿ ಬಾಗಿಲು ಹಾಕಿದರು. ಆಮೇಲೆ ಬಂದು ಬಟಾಣಿಯನ್ನು ಎಳೆದು ಅಪ್ಪಿಕೊಂಡರು. ಅಮ್ಮನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಬಟಾಣಿಗೆ ಅದು ಕೆನ್ನೆಗೆ ತಾಗುತ್ತಿತ್ತು.

ಅರ್ಧ ಗಂಟೆಯಲ್ಲಿ ಏಳನೇ ಫೋಟೋ ಮಾಯವಾಯಿತು. ಬ್ರೋಕರ್ ಆಂಟಿ ತಾನೇ ಸ್ಕೂಟರ್ ಹತ್ತಿ ಬಂದು, ತಪ್ಪು ನನ್ನದು, ನಾನು ಫೋನ್ ಇಟ್ಟು ಕಣ್ಣು ಬಿಟ್ಟು ನೋಡಬೇಕಿತ್ತು ಎಂದು ಕುರ್ಚಿಯ ತುದಿಯಲ್ಲಿ ಕೂತರು. ಅವರೂ ಅಮ್ಮನೂ ಪೊಲೀಸ್ ಠಾಣೆಗೆ ಹೋಗಿ ಆ ಮನುಷ್ಯನ ವಿಷಯ ತಿಳಿಸಿ ಬಂದರು. ಶನಿವಾರ ಬೆಳಿಗ್ಗೆ ಬೀಗದವನು ಬಂದು ಎರಡೂ ಬಾಗಿಲಿನ ಬೀಗ ಬದಲಾಯಿಸಿದ. ಇನ್ನು ಮೇಲೆ ಶಾಲೆ ಮುಗಿದ ಮೇಲೆ ಬಟಾಣಿ ಟೈಲರ್ ಮಾವನ ಮನೆಯಲ್ಲಿರಬೇಕು. ಅಪ್ಪ ಬರುವವರೆಗೆ ಯಾರಿಗೂ ಮನೆ ತೋರಿಸುವುದಿಲ್ಲ.

ಅವಳು ಹೆದರಿದ್ದಂತೆಯೇ ಆಯಿತು. ಅಷ್ಟು ದಿನ ಕಾಯಲಾಗುವುದಿಲ್ಲ, ಬೇರೆ ಮನೆ ನೋಡಿಕೊಳ್ಳುತ್ತೇವೆ ಎಂದು ಡ್ರೈವಿಂಗ್ ಸ್ಕೂಲಿನವರು ಫೋನಿನಲ್ಲಿ ಹೇಳಿಬಿಟ್ಟರು.

ಬಟಾಣಿ ಸೋಫಾದ ಮೂಲೆಯಲ್ಲಿ ಮುಖ ಹುದುಗಿಸಿ ಅತ್ತಳು. ಎಲ್ಲ ನಾನೇ ಕೆಡಿಸಿದೆ, ಇನ್ನು ಅಪ್ಪ ಅಲ್ಲೇ, ನಾವು ಇಲ್ಲೇ ಎಂದಳು. ಅಮ್ಮ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದರು.

“ಕ್ಯಾಲೆಂಡರ್ ಸಿಕ್ಕಿಸಿದ್ದು ನೀನೇ. ಬಾಗಿಲು ತೆಗೀದೇ ಇದ್ದಿದ್ದೂ ನೀನೇ,” ಎಂದರು. “ಮನೆ ಕೊಳ್ಳೋಕೆ ಇನ್ನೊಬ್ಬರು ಬರ್ತಾರೆ ಕಂದ. ನಿನ್ನಂಥ ಇನ್ನೊಂದು ಬಟಾಣಿ ನಾನೆಲ್ಲಿಂದ ತರಲಿ?”

ಭಾನುವಾರ ಯಾರೂ ಬರಲಿಲ್ಲ. ಬಟಾಣಿ ತಾನೇ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದು, ನಾಲ್ಕು ಮಡಿಕೆ ಮಾಡಿ, ಬೀರುವಿನಲ್ಲಿ ಬಟ್ಟೆಗಳ ಅಡಿಯಲ್ಲಿ ಇಟ್ಟಳು. ಇನ್ನು ದಿನಗಳನ್ನು ಎಣಿಸುವವರು ಈ ಮನೆಯಲ್ಲಿ ಯಾರೂ ಇಲ್ಲ ಅನ್ನಿಸಿ ಅವಳಿಗೆ ತುಂಬ ಬೇಜಾರಾಯಿತು. ಅಮ್ಮ ಒಂದು ದಿನವೂ ಅದರ ಮೇಲೆ ಗೀಟು ಹಾಕಿದವರಲ್ಲ.

ಸೋಮವಾರ ಬೆಳಿಗ್ಗೆ ಶಾಲೆಗೆ ಹೊತ್ತಾಗಿತ್ತು. ಅಮ್ಮ ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡು ಅವಳಿಗೆ ಜಡೆ ಹಾಕುತ್ತಿದ್ದರು. ಕಿಟಕಿಯ ಹೊರಗೆ ನೋಡುತ್ತ, ಕೈ ತನ್ನ ಪಾಡಿಗೆ ತಾನು ಹೆಣೆಯುತ್ತಿರುವಾಗ, ತಮಗೆ ತಾವೇ ಎಂಬಂತೆ ಮೆಲ್ಲಗೆ ಏನೋ ಅಂದರು.

“ಹದಿನೆಂಟು.”

“ಏನಮ್ಮ ಹದಿನೆಂಟು?”

“ಏನಿಲ್ಲ. ತಲೆ ನೆಟ್ಟಗೆ ಇಟ್ಕೋ.”

ಇವತ್ತು ಇಪ್ಪತ್ತಾರು. ಮೂವತ್ತಕ್ಕೆ ನಾಲ್ಕು ದಿನ. ಅಲ್ಲಿಂದ ಅಪ್ಪ ಬರುವ ದಿನಕ್ಕೆ ಹದಿನಾಲ್ಕು. ಬಟಾಣಿ ಮನಸ್ಸಿನಲ್ಲೇ ಕೂಡಿಸಿದಳು, ಸರಿಯಿತ್ತು. ಅಮ್ಮನಿಗೆ ಗೋಡೆ ಬೇಕಾಗಿರಲಿಲ್ಲ, ಹಸಿರು ಪೆನ್ನೂ ಬೇಕಾಗಿರಲಿಲ್ಲ. ಎಷ್ಟು ದಿನಗಳಿಂದ ಅಮ್ಮ ಹೀಗೆ ಯಾರಿಗೂ ಕೇಳಿಸದಂತೆ ಎಣಿಸುತ್ತಿದ್ದರೋ.

ಅವಳು ತಲೆಯನ್ನು ನೆಟ್ಟಗೆ ಇಟ್ಟುಕೊಂಡಳು.