ಮೇಣದಡಿಯ ಬಿಳಿ

ಬಹಳ ಹಿಂದೆ, ಚೀನಾ ದೇಶದ ಬೆಟ್ಟಗಳ ನಡುವೆ ಯುನ್‌ಶಾನ್ ಎಂಬ ರಾಜ್ಯವಿತ್ತು. ಬಟ್ಟೆಗೆ ಬಣ್ಣ ಹಾಕುವುದಕ್ಕಿಂತ, ಬೇಡವಾದ ಕಡೆ ಬಣ್ಣ ಹತ್ತದಂತೆ ತಡೆಯುವುದರಲ್ಲೇ ಅಲ್ಲಿನವರು ನಿಪುಣರು. ಆ ರಾಜ್ಯದ ಅಂಚಿನಲ್ಲಿ ಹೇಯುವಾನ್ ಎಂಬ ಮಾಂತ್ರಿಕನ ನೀಲಿಕೊಳವಿತ್ತು. ಅದರಲ್ಲಿ ಮುಳುಗಿ ಎದ್ದವರು ಮನೆಮಂದಿಯನ್ನೆಲ್ಲ ಮರೆತು ಅವನ ಆಳುಗಳಾಗುತ್ತಿದ್ದರು.

ಒಮ್ಮೆ ಅವನು ಪಿಂಗ್‌ಶು ಎಂಬ ಯುವಕನನ್ನು ಹಿಡಿದೊಯ್ದ. ಆ ಯುವಕನ ಅಕ್ಕ ರುಯಿಲಾನ್ ಬಣ್ಣಗಾರ್ತಿ. ಅವಳು ಕೊಳದ ದಡಕ್ಕೆ ನಡೆದು ಬಂದಳು.

"ನನ್ನ ತಮ್ಮನನ್ನು ಬಿಡು."

ಮಾಂತ್ರಿಕ ನಕ್ಕ. "ನನ್ನ ನೀಲಿ ನುಂಗದ ಬಿಳಿ ಈ ಲೋಕದಲ್ಲಿಲ್ಲ. ಮೂರು ಸಲ ಬಟ್ಟೆ ಅದ್ದುತ್ತೇನೆ. ಮೂರು ಸಲವೂ ಬಿಳಿ ಉಳಿಸಿದರೆ ಕರೆದುಕೊಂಡು ಹೋಗು."

ಮೊದಲನೆಯ ಬಟ್ಟೆಯನ್ನು ರುಯಿಲಾನ್ ಚಿವುಟಿ ಚಿವುಟಿ ದಾರದಿಂದ ಬಿಗಿದು ಕಟ್ಟಿದಳು. ಅದ್ದಿ ಬಿಚ್ಚಿದಾಗ ನೀಲಿಯ ತುಂಬ ಬಿಳಿ ಚುಕ್ಕೆ. ಬಟ್ಟೆ ಜಿಂಕೆಮರಿಯಾಗಿ ಎದ್ದು ಕಾಡಿಗೆ ಓಡಿತು.

ಎರಡನೆಯದನ್ನು ಮಡಚಿ, ಕೆತ್ತಿದ ಎರಡು ಹಲಗೆಗಳ ನಡುವೆ ಅದುಮಿ ಕಟ್ಟಿದಳು. ಅದ್ದಿ ಬಿಚ್ಚಿದಾಗ ಎದುರುಬದುರು ಎರಡು ಬಿಳಿ ಹಕ್ಕಿಗಳು. ಅವು ರೆಕ್ಕೆ ಕೊಡವಿ ಹಾರಿಹೋದವು.

ಮಾಂತ್ರಿಕನ ಮುಖ ಬಿಗಿಯಿತು. "ಮೂರನೆಯದು ನಿನ್ನ ತಮ್ಮನೇ. ಅವನ ಅಂಗಿಯ ಮೇಲೆ ಏನು ಬಿಳಿಯಾಗಿ ಉಳಿಯುತ್ತದೋ ಅಷ್ಟೇ ಅವನ ನೆನಪಿನಲ್ಲೂ ಉಳಿಯುತ್ತದೆ."

ರುಯಿಲಾನ್ ಜೇನುಮೇಣ ಕರಗಿಸಿ, ತಮ್ಮ ತೊಟ್ಟಿದ್ದ ಅಂಗಿಯ ಮೇಲೆ ಮನೆಯನ್ನು, ಅಂಗಳದ ಮರವನ್ನು, ತನ್ನನ್ನು, ಒಲೆಯ ಮುಂದೆ ಹಾಡುವ ಅಮ್ಮನನ್ನು ಬರೆದಳು. "ಅಲುಗಾಡಬೇಡ. ತಣಿದ ಮೇಣ ಬಿರಿಯುತ್ತದೆ," ಎಂದಳು ತಮ್ಮನಿಗೆ.

"ಉಸಿರಾದರೂ ಆಡಬಹುದೇನಕ್ಕ?"

"ಮೆಲ್ಲಗೆ."

ಆಗ ಮಾಂತ್ರಿಕ ಗುಡುಗಿದ: "ಮೊದಲು ನನಗೆ ಅಡ್ಡಬೀಳು!" ಆಳುಗಳು ಪಿಂಗ್‌ಶುವಿನ ಕುತ್ತಿಗೆ ಹಿಡಿದು ಬಗ್ಗಿಸಿದರು. ಚಿತ್ರದ ಅಮ್ಮನ ಬಾಯಿಯ ಮೇಲೆ ಮೇಣ ಬಿರಿಯಿತು. ರುಯಿಲಾನ್ ಚೀರುವಷ್ಟರಲ್ಲಿ ಅವನನ್ನು ಕೊಳಕ್ಕೆ ತಳ್ಳಿಯಾಗಿತ್ತು.

ಮೇಲೆದ್ದವನ ಕಣ್ಣುಗಳು ಖಾಲಿಯಾಗಿದ್ದವು. ಅವಳು ಅಂಗಿ ಕಳಚಿ ಕುದಿನೀರಿಗೆ ಹಾಕಿದಳು. ಮೇಣ ಬಿಟ್ಟಿತು. ಮನೆ, ಮರ, ಅಕ್ಕ, ಅಮ್ಮ ಬೆಳ್ಳಗೆ ಮೂಡಿದರು.

"ಅಕ್ಕ, ಇಷ್ಟೊಂದು ಮೇಣ ಸುರಿದಿದ್ದೀಯಲ್ಲ, ಅಮ್ಮ ಬೈಯುತ್ತಾಳೆ," ಎಂದ ಪಿಂಗ್‌ಶು.

"ಸಾಧ್ಯವಿಲ್ಲ! ಬಣ್ಣವೇ ಹುಳಿತಿರಬೇಕು!" ಎಂದು ಮಾಂತ್ರಿಕ ಅರಚಿದ. ಬಣ್ಣ ಕೆಟ್ಟಿತೋ ಎಂಬ ಅನುಮಾನ ಬಂದರೆ ಬಣ್ಣಗಾರರೆಲ್ಲ ಬೆರಳು ಅದ್ದಿ ರುಚಿ ನೋಡುತ್ತಾರೆ. ಸಿಟ್ಟಿನ ಭರದಲ್ಲಿ ಅವನೂ ಹಾಗೆಯೇ ಬೆರಳು ಅದ್ದಿ ನೆಕ್ಕಿದ. ಬಣ್ಣ ಕೆಟ್ಟಿರಲಿಲ್ಲ.

ಅವನು ಮೊದಲು ಮಂತ್ರಗಳನ್ನು ಮರೆತ. ಆಮೇಲೆ ಹಗೆಯನ್ನು ಮರೆತ. "ಇದು ಯಾರ ಕೊಳ, ತಾಯಿ?" ಎಂದು ವಿನಯದಿಂದ ಕೇಳಿದ. ಅವನ ಹಿಡಿತ ಕಳಚಿತು, ಕೊಳ ಬರಿಯ ನೀರಾಯಿತು. ಆಳುಗಳನ್ನು ಅವರವರ ಮನೆಯವರು ಬಂದು ಹೆಸರು ಹಿಡಿದು ಕರೆದರು. ಕರೆದಂತೆಲ್ಲ ಅವರಿಗೆ ಒಂದೊಂದೇ ನೆನಪು ಮರಳಿತು.

ಪಿಂಗ್‌ಶುವಿಗೆ ಎಲ್ಲವೂ ನೆನಪಿತ್ತು. ಚಿತ್ರದ ಅಮ್ಮನ ಬಾಯಿಯ ಬಿರುಕಿನೊಳಗೆ ನೀಲಿ ಇಳಿದಿದ್ದರಿಂದ, ಅವಳ ಜೋಗುಳ ಮಾತ್ರ ಅಳಿಸಿಹೋಗಿತ್ತು. ರುಯಿಲಾನ್ ದಾರಿಯುದ್ದಕ್ಕೂ ಕೊರಗಿದಳು. ಅಮ್ಮ ಕೊರಗಲಿಲ್ಲ. ಮೀಸೆ ಮೂಡಿದ ಮಗನನ್ನು ಒಲೆಯ ಬಳಿ ಕೂರಿಸಿಕೊಂಡು ಹಾಡಿದಳು. ಮೊದಲ ಸಲ ಕೇಳುವವನಂತೆ ಅವನು ಬಾಯಿ ತೆರೆದು ಕೇಳಿದ.

ಆಮೇಲೆ ಆ ಮನೆಯವರೂ ಯುನ್‌ಶಾನಿನ ಜನರೆಲ್ಲರೂ ಬಹುಕಾಲ ನೆಮ್ಮದಿಯಿಂದ ಬಾಳಿದರು.