ಸೊನ್ನೆಯಿಂದ ನಾಲ್ಕರವರೆಗೆ

ಎಲೆಗಳಿಗೆ ಬೇಕೆಂದೇ ತುಕ್ಕುರೋಗದ ಶಿಲೀಂಧ್ರದ ಪುಡಿ ಹಚ್ಚಿ ಏಳು ದಿನವಾಗಿತ್ತು. ಅವಳು ನೋಟ್‌ಬುಕ್ ಹಿಡಿದು ಗ್ರೀನ್‌ಹೌಸಿನ ಬಾಗಿಲು ತೆಗೆದಾಗ, ನಲವತ್ತು ಗೋಧಿ ಸಸಿಗಳಿರಬೇಕಾದ ಟ್ರೇಯಲ್ಲಿ ಇಪ್ಪತ್ತೊಂದೇ ಇದ್ದವು. ಉಳಿದ ಕಡೆ ಬರೀ ಮಣ್ಣಿನ ಗುಳಿ.

"ಕಿತ್ತು ಸುಡೋ ಚೀಲಕ್ಕೆ ಹಾಕಿದೆ ಮೇಡಂ," ಎಂದ ಮಾಲಿ, ಕೈ ಒರೆಸಿಕೊಳ್ಳುತ್ತಾ. ಗ್ರೀನ್‌ಹೌಸ್ ನೋಡಿಕೊಳ್ಳಲು ಬಂದು ಅವನಿಗಿನ್ನೂ ಹತ್ತು ದಿನ. ಲ್ಯಾಬಿನವರು ಆಗಲೇ ಅವನಿಗೆ ಮಾಲಿ ಎಂದು ಹೆಸರಿಟ್ಟಾಗಿತ್ತು. "ಎಲೆ ತುಂಬ ಸತ್ತ ಚುಕ್ಕೆ. ರೋಗ ಹಿಡಿದಿತ್ತಲ್ಲ, ಪಕ್ಕದವಕ್ಕೆ ಅಂಟಬಾರದು ಅಂತ."

ಒಳ್ಳೆಯ ಬುದ್ಧಿಯಿಂದಲೇ ಮಾಡಿದ್ದ. ಆದರೆ ಸತ್ತ ಚುಕ್ಕೆ ಎಂದರೆ ಎಲೆ ರೋಗವನ್ನು ಅಲ್ಲೇ ತಡೆದ ಗುರುತು. ಅವನು ಉಳಿಸಿದ್ದು ರೋಗಕ್ಕೆ ಸೋಲಲಿದ್ದ ಗಿಡಗಳನ್ನು, ಕಿತ್ತದ್ದು ಗೆದ್ದವನ್ನು. ಕಾಡುಹುಲ್ಲೊಂದರ ಗಟ್ಟಿತನವನ್ನು ಗೋಧಿಗೆ ತರಲು ಹದಿನೆಂಟು ತಿಂಗಳು ತಳಿ ಬೆರೆಸಿ ಪಡೆದ ಸಸಿಗಳವು.

ಅವಳು ಅಷ್ಟನ್ನೂ ಹೇಳಿದಳು. ಅವನ ಮುಖ ಬಿಳಿಚಿಕೊಂಡಿತು.

"ಬೈದುಬಿಡಿ ಮೇಡಂ."

"ಪರವಾಗಿಲ್ಲ. ಡಬ್ಬಿಯಲ್ಲಿ ಹನ್ನೊಂದು ಬೀಜ ಉಳಿದಿದೆ. ನಾಳೆ ಬಿತ್ತಿ."

ಅದು ತಾಳ್ಮೆಯಲ್ಲ. ಎರಡು ವರ್ಷದಿಂದ, ಗಂಡ ತೀರಿಕೊಂಡ ದಿನದಿಂದ, ಅವಳಿಗೆ ಎಲ್ಲಕ್ಕೂ ಆ ಒಂದು ಮಾತೇ ಸಾಕಾಗುತ್ತಿತ್ತು. ಸಮಾಧಾನ ಹೇಳಲು ಬಂದವರಿಗೂ ಅದೇ, ಬಸ್ ತಪ್ಪಿದಾಗಲೂ ಅದೇ. ಜೋಮು ಹಿಡಿದ ಕಾಲನ್ನು ಚಿವುಟಿ ನೋಡುವಂತೆ ಒಮ್ಮೊಮ್ಮೆ ತನ್ನನ್ನು ತಾನೇ ಚಿವುಟಿಕೊಳ್ಳುತ್ತಿದ್ದಳು. ಚಿವುಟಿದ್ದು ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ.

ಸಂಜೆ ಅತ್ತೆಗೆ ಹೇಳಿದಳು. ಮಗ ಹೋದ ಮೇಲೂ ಅತ್ತೆ ಸೊಸೆಯ ಜೊತೆಗೇ ಉಳಿದಿದ್ದರು.

"ಬೈದೆಯಾ?"

"ಇಲ್ಲ ಅತ್ತೆ."

ಬಟ್ಟೆ ಮಡಿಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಬೈಯೋಕೂ ಮನಸ್ಸು ಬೇಕಲ್ಲ, ತಾಯಿ."

ಹನ್ನೊಂದೂ ಮೊಳೆತವು. ಗೋಧಿಯ ಎಲೆಗೆ ತೆಳುವಾದ ಮೇಣದ ಹೊದಿಕೆ ಇರುತ್ತದೆ. ಪುಡಿ ಅದರ ಮೇಲೆ ನಿಲ್ಲುವುದಿಲ್ಲ. ಒದ್ದೆ ಬೆರಳುಗಳ ನಡುವೆ ಎಲೆಯನ್ನು ಬುಡದಿಂದ ತುದಿಯವರೆಗೆ ಸವರಿ ಮೇಣ ಬಿಡಿಸಬೇಕು. ಮಾಲಿಯ ಬೆರಳು ದಪ್ಪ. ಆದರೂ ನಿದ್ದೆಹೋದ ಮಗುವಿನ ಕಿವಿ ಮುಟ್ಟುವವನ ಹಾಗೆ ಸವರುತ್ತಿದ್ದ. ಅವಳು ನೋಡುತ್ತಿದ್ದಳು. ಅವನು ಕಣ್ಣೆತ್ತಿದಾಗ ನೋಟ್‌ಬುಕ್ ನೋಡಿದಳು. ಅದರಲ್ಲಿ ಏನೂ ಬರೆದಿರಲಿಲ್ಲ.

"ಮಾರ್ಕ್ಸ್ ಹೇಗೆ ಕೊಡ್ತೀರಿ ಇವಕ್ಕೆ?"

"ಸೊನ್ನೆಯಿಂದ ನಾಲ್ಕು. ಎಲೆ ಪೂರ್ತಿ ತುಕ್ಕಿಗೆ ಶರಣಾದ್ರೆ ನಾಲ್ಕು. ಏನೂ ತಾಕದೇ ಇದ್ರೆ ಸೊನ್ನೆ."

"ಸೊನ್ನೆ ಒಳ್ಳೇದಾ! ಇದು ಮೊದಲೇ ಗೊತ್ತಿದ್ರೆ ನಮ್ಮಪ್ಪನ ಹತ್ರ ಅಷ್ಟು ಏಟು ತಿಂತಿರಲಿಲ್ಲ." ಆಮೇಲೆ ದನಿ ತಗ್ಗಿಸಿದ. "ಹಾಗಾದ್ರೆ ಮೇಡಂಗೆ ಸೊನ್ನೆ."

"ಹೂಂ," ಎಂದಳು. ಸುಳ್ಳೇನಲ್ಲ.

ಪುಡಿ ಹಚ್ಚಿದ ಮೂರನೆಯ ದಿನ ಒಂದು ಎಲೆತುಂಡನ್ನು ಬಣ್ಣದಲ್ಲಿ ನೆನೆಸಿ ಮೈಕ್ರೋಸ್ಕೋಪಿನಡಿ ಇಟ್ಟಳು. ಯಾಕೋ ಅವನನ್ನೂ ಕರೆದಳು.

"ಕಂದು ಬಣ್ಣದ ಜೀವಕೋಶ ಕಾಣ್ತಿದೆಯಾ? ಶಿಲೀಂಧ್ರ ಅದರೊಳಗೆ ಬಾಯಿ ಚುಚ್ಚಿದೆ. ಕೋಶದ ಬಾಯಿ ಮುಚ್ಚಿಸೋಕೆ ತನ್ನ ಪ್ರೋಟೀನ್ ಕಳಿಸುತ್ತೆ. ಒಳಗೆ ಕಾವಲು ಪ್ರೋಟೀನ್ ಇದ್ರೆ ಆ ಕಳ್ಳನ ಗುರುತು ಹಿಡಿಯುತ್ತೆ. ತಕ್ಷಣ ಕೋಶ ತನ್ನೊಳಗೇ ಪೆರಾಕ್ಸೈಡ್ ಅನ್ನೋ ವಿಷ ತುಂಬಿಕೊಂಡು ಸಾಯುತ್ತೆ."

"ಕಳ್ಳ ಸಿಕ್ಕಿದ್ದಕ್ಕೆ ಮನೆಯವರು ಸಾಯೋದಾ?"

"ಈ ಕಳ್ಳನಿಗೆ ಬದುಕಿರೋ ಕೋಶವೇ ಊಟ. ಸತ್ತದ್ದು ಬೇಡ. ಅಲ್ಲೇ ಹಸಿದುಕೊಂಡು ಸಾಯುತ್ತೆ. ಎಲೆ ಉಳಿಯುತ್ತೆ."

ಅವನು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಹೀಗೇ ಒಂದೊಂದಾಗಿ ಇಡೀ ಎಲೆ ಸತ್ತುಬಿಟ್ರೆ?"

"ಎಲ್ಲಿ ನಿಲ್ಲಿಸಬೇಕು ಅಂತ ಎಲೆಗೆ ಗೊತ್ತಿರಬೇಕು," ಎಂದಳು. ಆಡಿದ ಮಾತು ಅವಳ ಕಿವಿಯಲ್ಲೇ ಉಳಿಯಿತು. ಮನೆಗೆ ಹೋಗುವ ಬಸ್ಸಿನಲ್ಲೂ ಇತ್ತು.

ಏಳನೆಯ ದಿನ ಬೆಳಗ್ಗೆ, ಹನ್ನೊಂದರಲ್ಲಿ ಐದು ಸಸಿಗಳ ಮೇಲೆ ಸತ್ತ ಚುಕ್ಕೆಗಳು. ಅವಳು ಬಗ್ಗಿ ಎಣಿಸುತ್ತಿರುವಾಗಲೇ ಮಾಲಿಯ ಕೈ ಟ್ರೇಯತ್ತ ಚಾಚಿತು.

"ಮುಟ್ಟಿದ್ರೆ ಕೈ ಮುರೀತೀನಿ! ಒಂದು ಸಲ ಮಾಡಿದ್ದು ಸಾಲದಾ? ಕಣ್ಣಿಲ್ವಾ ನಿಮಗೆ? ಹದಿನೆಂಟು ತಿಂಗಳು ರೀ, ಹದಿನೆಂಟು ತಿಂಗಳು!"

ದನಿ ಗಾಜಿಗೆ ಬಡಿದು ಮರಳಿ ಬಂತು. ಅದು ತನ್ನದೇ ಎಂದು ನಂಬಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಕಣ್ಣು ಉರಿಯುತ್ತಿತ್ತು.

ಅವನು ಚಾಚಿದ ಕೈ ಚಾಚಿದಂತೆಯೇ ನಿಂತಿದ್ದ. "ಬಿಸಿಲು ಒಂದೇ ಕಡೆ ಬೀಳ್ತಿತ್ತು... ಟ್ರೇ ತಿರುಗಿಸೋಣ ಅಂತ." ಆಮೇಲೆ ಅವನ ಮುಖ ಮೆಲ್ಲಗೆ ಅರಳಿತು. "ಅಬ್ಬಾ! ಅಂತೂ ಬೈದ್ರಿ. ಹದಿನೇಳು ದಿನ ಕಾದೆ ಮೇಡಂ ಇದಕ್ಕೆ."

"ಬೈಸ್ಕೊಳ್ಳೋಕೆ ಯಾರಾದ್ರೂ ಕಾಯ್ತಾರಾ?"

"ಬೈಯದೇ ಇರೋರನ್ನ ಇಷ್ಟಪಡೋದು ಬಲು ಕಷ್ಟ. ಆದ್ರೂ ಇಷ್ಟಪಟ್ಟುಬಿಟ್ಟೆ." ಅವನ ಕಿವಿ ಕೆಂಪಾಗಿತ್ತು. "ನಾನೇನೂ ಕೇಳ್ತಿಲ್ಲ. ಮಾರ್ಕ್ಸ್ ಒಂದು ಹೇಳಿಬಿಡಿ. ಈಗಲೂ ಸೊನ್ನೆನಾ?"

ಪರವಾಗಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿದಳು. ಎಲೆಯನ್ನು ಬೆಳಕಿಗೆ ಹಿಡಿದು ನೋಡುವಂತೆ ಒಳಗೆ ನೋಡಿಕೊಂಡಳು. ಇಷ್ಟು ವರ್ಷದಲ್ಲಿ ಒಂದು ಎಲೆಗೂ ಅವಳು ಇದ್ದದ್ದಕ್ಕಿಂತ ಹೆಚ್ಚು ಬರೆದವಳಲ್ಲ, ಕಡಿಮೆಯೂ ಬರೆದವಳಲ್ಲ.

"ಒಂದು," ಎಂದಳು.

"ಒಂದು ಅಂದ್ರೆ?"

"ಸುತ್ತಲೂ ಸತ್ತಿರುತ್ತೆ. ನಡುವೆ ಒಂದೇ ಒಂದು ಚೂರು ತುಕ್ಕು, ಸಾಸಿವೆಗಿಂತ ಸಣ್ಣದು, ಒಳಗೆ ಬಂದಿರುತ್ತೆ."

"ಸಾಕು ಬಿಡಿ," ಎಂದ ಮಾಲಿ.

ಅವಳು ಟ್ರೇಯನ್ನು ಅವನ ಕಡೆ ಸರಿಸಿದಳು. "ತಿರುಗಿಸಿ. ಮೆಲ್ಲಗೆ."